ಬೇರೂರುವ ಕಡ್ಡಿಯೂ ಶಾಲೆಯ ಅಂಗಳವೂ

ಸಂಸ್ಕೃತದಲ್ಲಿ ಮರಕ್ಕಿರುವ ಹಲವು ಹೆಸರುಗಳಲ್ಲಿ ‘ಪಾದಪ’ ಎಂಬುದೂ ಒಂದು. ಪಾದದಿಂದ ಕುಡಿಯುವುದು ಎಂಬುದು ಆ ಶಬ್ದದ ನಿಷ್ಪತ್ತಿ. ಪ್ರಾಣಿಗಳು ಬಾಯಿಂದ ನೀರು ಕುಡಿದರೆ ಮರವು ಕಾಲಿನಿಂದ ಕುಡಿಯುವುದೆಂಬ ಸೂಕ್ಷ್ಮವನ್ನು ಹಿಂದಿನವರು ಮೂರು ಅಕ್ಷರಗಳಲ್ಲಿ ಅಡಗಿಸಿಟ್ಟರು. ಹಾಗಾದರೆ ತಾಯಿಗಿಡದಿಂದ ಕತ್ತರಿಸಿ ತಂದ ಕಡ್ಡಿಗೆ ಪಾದವೆಲ್ಲಿ? ಕುಡಿಯಲು ಕಾಲಿಲ್ಲ, ಆದರೆ ಎಲೆಗಳ ಮೂಲಕ ಒಳಗಿನ ನೀರು ಆವಿಯಾಗಿ ಹೋಗುತ್ತಲೇ ಇರುವುದು. ವರಮಾನ ನಿಂತ ಮನೆಯಲ್ಲಿ ವೆಚ್ಚ ಮಾತ್ರ ನಿಲ್ಲದೆ ನಡೆದಂತೆ ಅದರ ಸ್ಥಿತಿ. ಹೊಸ ಕಾಲು ಮೂಡುವವರೆಗೆ ಆ ವೆಚ್ಚವನ್ನು ತಗ್ಗಿಸಿ, ಕೈಯಲ್ಲಿರುವ ಬಂಡವಾಳವು ಕರಗದಂತೆ ಕಾಪಾಡುವುದೇ ಕಡ್ಡಿ ನೆಟ್ಟು ಗಿಡ ಮಾಡುವ ವಿದ್ಯೆಯ ಸಾರಸರ್ವಸ್ವ.

ಈ ವಿದ್ಯೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಯಲ್ಲಿಯೂ ಅಜ್ಜಿಯರು ಇದನ್ನು ಬಲ್ಲವರಾಗಿದ್ದರು. ಬಚ್ಚಲ ನೀರು ಹರಿಯುವೆಡೆಯಲ್ಲಿ ದೊಡ್ಡಪತ್ರೆ, ಹಿತ್ತಿಲ ಬೇಲಿಯಲ್ಲಿ ದಾಸವಾಳ, ಬಾವಿಯ ಬಳಿ ಮಲ್ಲಿಗೆ, ದೇವರ ಪೂಜೆಗೆ ಕಣಗಿಲೆ, ನಂದಿಬಟ್ಟಲು – ಇವುಗಳಲ್ಲಿ ಯಾವುದನ್ನೂ ಅವರು ಹಣ ಕೊಟ್ಟು ತಂದವರಲ್ಲ. ನೆಂಟರ ಮನೆಗೆ ಹೋದವರು ಮಡಿಲಕ್ಕಿಯೊಡನೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಡ್ಡಿಗಳನ್ನೂ ತರುವುದು ವಾಡಿಕೆಯಾಗಿತ್ತು. ತವರಿನ ಮಲ್ಲಿಗೆ ಗಂಡನ ಮನೆಯಲ್ಲಿ ಹೂ ಬಿಡುತ್ತಿದ್ದುದು ಹೀಗೆ. ಇಂದು ಆ ವಾಡಿಕೆ ಕ್ಷೀಣಿಸುತ್ತಿದೆ. ಹಿತ್ತಿಲು ಕಾಂಕ್ರೀಟಾಯಿತು, ಗಿಡ ಬೇಕೆಂದವರು ಬಣ್ಣದ ಕುಂಡದಲ್ಲಿ ಸಿದ್ಧವಾಗಿ ನಿಂತುದನ್ನು ಕೊಳ್ಳುತ್ತಾರೆ. ಕೊಳ್ಳುವುದು ತಪ್ಪಲ್ಲ. ಆದರೆ ಒಂದು ತಲೆಮಾರು ಕೈಯಿಂದ ಕೈಗೆ ದಾಟಿಸಬೇಕಾದ ಅರಿವನ್ನು ದಾಟಿಸದೆ ಬಿಟ್ಟರೆ ಮುಂದಿನ ತಲೆಮಾರು ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾರದು. ಆದುದರಿಂದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರತಿಯೊಂದು ಶಾಲೆಯ ಅಂಗಳದಲ್ಲಿಯೂ ಒಂದು ಕಡ್ಡಿಪಾತಿ ಇರತಕ್ಕದ್ದು. ಅದನ್ನು ಮಕ್ಕಳೇ ನೋಡಿಕೊಳ್ಳತಕ್ಕದ್ದು. ಇದು ಈ ಲೇಖನದ ಪ್ರತಿಪಾದನೆ.

ಶಾಲೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲವೆಂದು ಕೆಲವರು ಹೇಳಬಹುದು. ನಿಜ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವು ಪ್ರತಿ ಜುಲೈ ತಿಂಗಳಲ್ಲಿ ಬರುತ್ತದೆ. 1973ರಿಂದ ಜೂನ್ 5ರ ವಿಶ್ವ ಪರಿಸರ ದಿನವೂ ಬರುತ್ತಿದೆ. ಎರಡೂ ಸದುದ್ದೇಶದವು. ಆದರೆ ಅನೇಕ ಕಡೆ ನಡೆಯುವುದೇನು? ಮುಂಜಾನೆ ವಾಹನದಲ್ಲಿ ಸಸಿಗಳು ಬಂದಿಳಿಯುತ್ತವೆ, ಗಣ್ಯರು ಒಂದು ಹಿಡಿ ಮಣ್ಣು ಹಾಕುತ್ತಾರೆ, ಭಾವಚಿತ್ರ ತೆಗೆಯುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ದೀಪಾವಳಿಯ ವೇಳೆಗೆ ಸಸಿ ಒಣಗಿ, ಸಂಕ್ರಾಂತಿಯ ವೇಳೆಗೆ ಗುಂಡಿ ಮಾತ್ರ ಉಳಿದು, ಮುಂದಿನ ವರ್ಷ ಅದೇ ಗುಂಡಿಯಲ್ಲಿ ಅದೇ ಉತ್ಸವ. ಇಲ್ಲಿ ಮಗುವು ಪ್ರೇಕ್ಷಕ, ಕರ್ತೃವಲ್ಲ. ವ್ಯಾಕರಣದಲ್ಲಿ ಕರ್ತೃಪದವಿಲ್ಲದ ವಾಕ್ಯವು ಹೇಗೆ ಅನ್ವಯಿಸುವುದಿಲ್ಲವೋ ಹಾಗೆಯೇ ಮಗುವಿನ ಕೈ ಸೇರದ ಕಾರ್ಯವು ಶಿಕ್ಷಣವಾಗುವುದಿಲ್ಲ. ತಾನೇ ಆರಿಸಿ, ತಾನೇ ಕತ್ತರಿಸಿ, ತಾನೇ ಊರಿ, ಆರು ವಾರ ಕಾದು ಬೇರು ಬರಿಸಿದ ಕಡ್ಡಿಯನ್ನು ಯಾವ ಮಗುವೂ ಒಣಗಲು ಬಿಡುವುದಿಲ್ಲ.

ಪ್ರಾಚೀನರು ಈ ವಿಷಯವನ್ನು ಅಲ್ಪವೆಂದು ಬಗೆದಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿಯ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ, ತುಂಡಿನಿಂದ ಬೆಳೆಯುವ ಸಸ್ಯಗಳ ಕತ್ತರಿಸಿದ ತುದಿಗೆ ಜೇನು, ತುಪ್ಪ ಮುಂತಾದವನ್ನು ಸಗಣಿಯೊಡನೆ ಬೆರೆಸಿ ಲೇಪಿಸಬೇಕೆಂಬ ವಿಧಿಯುಂಟು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಕಾಂಡದಿಂದ ನೆಡತಕ್ಕ ಗಿಡಮರಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ದಾಳಿಂಬೆ ಮತ್ತು ದ್ರಾಕ್ಷಿಗಳು ಆ ಪಟ್ಟಿಯಲ್ಲಿವೆ. ಸಗಣಿಯ ಲೇಪನವನ್ನು ಅವನೂ ಹೇಳುತ್ತಾನೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಕೆಳದಿಯ ಬಸವರಾಜನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೂ ಈ ಶಾಸ್ತ್ರವನ್ನು ಬಿಟ್ಟಿಲ್ಲ. ರಾಜ್ಯಭಾರ ಮಾಡುವವನು ಗಿಡದ ಕಡ್ಡಿಯ ವಿಚಾರವನ್ನೂ ತಿಳಿದಿರಬೇಕೆಂಬುದು ಆ ಕಾಲದ ವಿದ್ಯಾಭಿರುಚಿಯಾಗಿತ್ತು.

ಇದನ್ನು ಹೇಳಿ, ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗುವುದು ಪಂಡಿತ ಲಕ್ಷಣವಲ್ಲ. ಬೇರು ಹೇಗೆ ಬರುವುದೆಂಬುದನ್ನು ಅರಿತವರು ಇತ್ತೀಚಿನ ವಿಜ್ಞಾನಿಗಳು. ಸಸ್ಯದ ಚಿಗುರಿನಿಂದ ಕೆಳಗಿಳಿಯುವ ಒಂದು ಪ್ರಚೋದಕ ದ್ರವ್ಯವಿರುವುದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ 1928ರಲ್ಲಿ ಪ್ರಯೋಗದಿಂದ ತೋರಿಸಿದರು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು. 1934ರಲ್ಲಿ ಅದೇ ದೇಶದಲ್ಲಿ ಕೋಗಲ್ ಮತ್ತು ಸಂಗಡಿಗರು ಆ ವರ್ಗದ ಇಂಡೋಲ್ ಅಸಿಟಿಕ್ ಆಮ್ಲವನ್ನು ಮಾನವಮೂತ್ರದಿಂದ ಬೇರ್ಪಡಿಸಿದರು. ಮರುವರ್ಷ, ಅಂದರೆ 1935ರಲ್ಲಿ, ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಅವರು ಇಂಡೋಲ್ ಬ್ಯುಟಿರಿಕ್ ಆಮ್ಲವು ಕಡ್ಡಿಗಳಲ್ಲಿ ಬೇರು ಬರಿಸುವುದರಲ್ಲಿ ಸಮರ್ಥವೆಂದು ಕಂಡುಹಿಡಿದರು. ಇಂದು ಸಸ್ಯಾಗಾರಗಳಲ್ಲಿ ಬಳಸುವ ಬೇರಿನ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಇದೇ. ಹೀಗಿರುವಾಗ ಸಗಣಿಯ ಲೇಪನದಿಂದ ಪ್ರಯೋಜನವುಂಟೇ, ಇಲ್ಲವೇ? ಶಾಸ್ತ್ರದಲ್ಲಿ ಹೇಳಿದೆಯೆಂದು ಒಪ್ಪುವುದೂ ಬೇಡ, ಹಳೆಯದೆಂದು ನಗುವುದೂ ಬೇಡ. ಹತ್ತು ದಾಸವಾಳದ ಕಡ್ಡಿಗಳಿಗೆ ಲೇಪಿಸಿ, ಹತ್ತಕ್ಕೆ ಲೇಪಿಸದೆ, ಒಂದೇ ಪಾತಿಯಲ್ಲಿ ಒಂದೇ ದಿನ ನೆಟ್ಟು ಎಂಟನೆಯ ತರಗತಿಯ ಮಕ್ಕಳು ಎಣಿಸಿ ನೋಡಲಿ. ವರಾಹಮಿಹಿರನಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದೇ.

ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ತಾಯಿಗಿಡವು ಆರೋಗ್ಯವಾಗಿರಬೇಕು. ಕಡ್ಡಿಯು ತೀರ ಎಳೆಯದೂ ಅಲ್ಲದೆ ತೀರ ಬಲಿತುದೂ ಅಲ್ಲದೆ, ದಾಸವಾಳ, ಮಲ್ಲಿಗೆ, ಕ್ರೋಟನ್‌ಗಳಲ್ಲಿ ಅರೆಬಲಿತದ್ದಾಗಿರಬೇಕು. ದಾಳಿಂಬೆಗೆ ಮಾತ್ರ ಚೆನ್ನಾಗಿ ಬಲಿತ, ಸೀಸದಕಡ್ಡಿಯ ಗಾತ್ರದ, ಸುಮಾರು ಒಂದು ಗೇಣು ಉದ್ದದ ಕಡ್ಡಿ ಲೇಸು. ಹರಿತವಾದ ಶುದ್ಧ ಚಾಕುವಿನಿಂದ ಗಿಣ್ಣಿನ ಕೆಳಗೆ ಒಂದೇ ಏಟಿಗೆ ಕತ್ತರಿಸಬೇಕು. ಬೇರು ಹೊರಡಲು ಗಿಣ್ಣಿನ ನೆರೆಯೇ ಅನುಕೂಲವಾದ ಸ್ಥಾನ. ಕೆಳತುದಿಯನ್ನು ನೇರವಾಗಿಯೂ ಮೇಲ್ತುದಿಯನ್ನು ಓರೆಯಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುವುದು. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎರಡು ಮೂರನ್ನು ಉಳಿಸಿ, ಅವು ದೊಡ್ಡವಾದರೆ ಅರ್ಧಕ್ಕೆ ಕತ್ತರಿಸಬೇಕು, ಮೊಗ್ಗಿದ್ದರೆ ಚಿವುಟಬೇಕು. ತೊಳೆದ ದಪ್ಪ ಮರಳು ಪಾಲು ಹೆಚ್ಚಾಗಿರುವ ಮಣ್ಣಿನಲ್ಲಿ, ಮೊದಲು ಬೇರೊಂದು ಕಡ್ಡಿಯಿಂದ ತೂತು ಮಾಡಿ ಅನಂತರ ಊರಬೇಕು. ಹಸಿ ಗೊಬ್ಬರವನ್ನು ಸೇರಿಸಲಾಗದು. ಬೇರೇ ಇಲ್ಲದುದಕ್ಕೆ ಗೊಬ್ಬರವು ಆಹಾರವಾಗದೆ ಕೊಳೆತಕ್ಕೆ ಕಾರಣವಾಗುವುದು. ಹೊಂಗೆಯ ಅಥವಾ ಮಾವಿನ ನೆರಳಿನಲ್ಲಿ ಕುಂಡವನ್ನಿರಿಸಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಗುಡಾರದಂತೆ ಹೊದಿಸಿದರೆ ಒಳಗಿನ ಗಾಳಿ ತೇವವಾಗಿದ್ದು ಎಲೆಯ ವೆಚ್ಚವು ತಗ್ಗುವುದು. ಮಣ್ಣು ತೇವವಾಗಿರಲಿ, ಕೆಸರಾಗದಿರಲಿ.

ಕತ್ತರಿಸಿದ ಗಾಯದಲ್ಲಿ ಮೊದಲು ಗಂಟುಗಟ್ಟಿದಂಥ ಒಂದು ಮೃದು ಭಾಗ ಮೂಡುವುದು. ತೊಗಟೆಯ ಒಳಮಗ್ಗುಲಿನ ಜೀವಕಣಗಳು ವಿಭಜನೆಗೊಂಡು ಬೇರಿನ ಮೊಳಕೆಯಾಗಿ ಹೊರಬರುವುವು. ತುಳಸಿ, ದೊಡ್ಡಪತ್ರೆಗಳಿಗೆ ಎರಡು ವಾರ ಸಾಕಾಗಬಹುದು. ದಾಸವಾಳಕ್ಕೂ ಕ್ರೋಟನ್ನಿಗೂ ಒಂದು ತಿಂಗಳು, ಒಂದೂವರೆ ತಿಂಗಳು ಬೇಕು. ಚಿಗುರು ಕಂಡಿತೆಂದು ಬೇರು ಬಂದಿತೆಂದು ತಿಳಿಯಬಾರದು. ಕಡ್ಡಿಯು ತನ್ನ ಸಂಚಿತ ಆಹಾರದಿಂದಲೇ ಮೊದಲ ಚಿಗುರನ್ನು ಬಿಡುವುದುಂಟು. ಪ್ರತಿಯೊಂದು ಶಾಲೆಯಲ್ಲಿಯೂ ದಿನಕ್ಕೊಮ್ಮೆ ಕಡ್ಡಿಯನ್ನು ಕಿತ್ತು ಬೇರು ಬಂದಿತೇ ಎಂದು ನೋಡುವ ಒಬ್ಬ ಬಾಲಕನಿರುತ್ತಾನೆ. ಅವನನ್ನು ಗದರಿಸಬೇಕಾಗಿಲ್ಲ. ಅವನಿಗೆ ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಮನಿ ಪ್ಲ್ಯಾಂಟ್ ಬಳ್ಳಿಯ ತುಂಡೊಂದನ್ನು ಹಾಕಿಕೊಟ್ಟರೆ ಕೀಳದೆಯೇ ಬೇರನ್ನು ಕಾಣುವನು. ಗಿಣ್ಣಿಲ್ಲದ ಬರಿಯ ಎಲೆಯನ್ನು ಹಾಕಿದರೆ ಬೇರು ಬಂದರೂ ಬಳ್ಳಿ ಹೊರಡುವುದಿಲ್ಲವೆಂಬುದನ್ನೂ ಅವನೇ ಕಂಡುಕೊಳ್ಳುವನು. ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸದಿದ್ದರೆ ಬೇರಿನ ಬದಲು ಡೆಂಗ್ಯೂ ಸೊಳ್ಳೆಯನ್ನು ಸಾಕಿದಂತಾಗುವುದು. ಕಣಗಿಲೆಯ ಎಲ್ಲ ಭಾಗಗಳೂ ವಿಷವಾದುದರಿಂದ ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡದೆ, ಮುಟ್ಟಿದ ಹಿರಿಯರೂ ಕೈ ತೊಳೆದುಕೊಳ್ಳುವುದು ಅಗತ್ಯ.

ಸ್ಥಳದ ಗುಣವನ್ನು ಮರೆತು ಹೇಳಿದ ಉಪದೇಶವು ನಿರರ್ಥಕ. ಈ ಸೀಮೆಯಲ್ಲಿ ಬೇಸಗೆಯ ಗಾಳಿ ಒಣದು, ಬಿಸಿಲು ಕಠಿನ. ಆದುದರಿಂದ ಶಾಲೆ ತೆರೆದ ಬಳಿಕ ಆರಿದ್ರಾ ಮಳೆಯ ಸುಮಾರಿಗೆ ಕಡ್ಡಿ ಊರಿದರೆ, ಹಿಂಗಾರಿನ ಮಳೆಗಳು ಬೀಳುವಾಗ ಬೇರು ಬಂದ ಗಿಡಗಳನ್ನು ಮನೆಗೆ ಒಯ್ಯಬಹುದು. ಶಾಲೆಯ ವರ್ಷಕ್ಕೂ ಮಳೆಯ ವರ್ಷಕ್ಕೂ ಇಷ್ಟೊಂದು ಹೊಂದಾಣಿಕೆಯಿರುವುದು ಒಂದು ಸೌಕರ್ಯ. ಇನ್ನು ನೀರಿನ ವಿಚಾರ. ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚಿರುವುದು ಸರ್ವವಿದಿತ. ಮನುಷ್ಯರ ಹಲ್ಲುಮೂಳೆಗಳನ್ನು ಬಾಧಿಸುವ ಆ ದ್ರವ್ಯವು ಮನೆಯೊಳಗಿನ ಡ್ರಸೀನಾ ಮುಂತಾದ ಕೆಲವು ಅಲಂಕಾರ ಸಸ್ಯಗಳ ಎಲೆಯ ತುದಿಯನ್ನೂ ಸುಡುತ್ತದೆ. ಎಲೆಯ ತುದಿ ಕಂದಾಗುವುದನ್ನು ಕಂಡು ನೀರು ಸಾಲದೆಂದು ಅದೇ ಕೊಳವೆಬಾವಿಯ ನೀರನ್ನು ಮತ್ತಷ್ಟು ಹೊಯ್ಯುವವರುಂಟು. ಶಾಲೆಯ ಮಾಳಿಗೆಯಿಂದ ಇಳಿಯುವ ಮಳೆಯ ನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದಿಟ್ಟರೆ ಕಡ್ಡಿಗಳಿಗೂ ಹಿತ. ಮಳೆನೀರಿನ ಬೆಲೆ ಏನೆಂಬ ಪಾಠವೂ ಮಕ್ಕಳಿಗೆ ದೊರೆತಂತಾಗುವುದು.

ಇಂಥ ಒಣಸೀಮೆಯಲ್ಲಿ ತೋಟದ ಮಾತೇಕೆ ಎನ್ನುವವರು ಶಿರಾದ ಚರಿತ್ರೆಯನ್ನು ನೆನೆಯಬೇಕು. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾದ ರಾಜಧಾನಿಯಾಗಿದ್ದ ಆ ಪಟ್ಟಣದಲ್ಲಿ ದಿಲಾವರ್‌ಖಾನನ ಕಾಲದಲ್ಲಿ ಖಾನ್‌ಬಾಗ್ ಎಂಬ ಉದ್ಯಾನವಿತ್ತು. 1760ರಲ್ಲಿ ಹೈದರಾಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಲು ಶಿರಾದ ಆ ತೋಟವೇ ಪ್ರೇರಣೆಯೆಂದು ಚರಿತ್ರಕಾರರು ಹೇಳುವುದುಂಟು. ಇಂದು ಶಿರಾದ ಮಗು ಗುಲಾಬಿ ಗಿಡವನ್ನು ನೋಡಲು ಪ್ರವಾಸದ ಬಸ್ಸಿನಲ್ಲಿ ಲಾಲ್‌ಬಾಗಿಗೆ ಹೋಗುತ್ತದೆ. ಹೋಗಲಿ, ಆದರೆ ಆ ತೋಟದ ತಾಯಿಬೇರು ತನ್ನ ಊರಿನಲ್ಲಿಯೇ ಇತ್ತೆಂದು ಅದಕ್ಕೆ ಹೇಳಬೇಕಾದವರು ಯಾರು?

ಇದಕ್ಕಿಂತ ಹತ್ತಿರದ ನಷ್ಟವೊಂದು ಮಧುಗಿರಿಯಲ್ಲಿಯೇ ನಡೆಯುತ್ತಿದೆ. ತೋಟಗಾರಿಕೆಯ ಗ್ರಂಥಗಳಲ್ಲಿ ಕರ್ನಾಟಕದ ದಾಳಿಂಬೆಯ ತಳಿಗಳನ್ನು ಹೆಸರಿಸುವಾಗ ‘ಮಧುಗಿರಿ’ ಎಂಬ ತಳಿಯ ಹೆಸರು ಬರುತ್ತದೆ. ಒಂದು ಊರು ತನ್ನ ಹೆಸರನ್ನು ಒಂದು ಹಣ್ಣಿಗೆ ಕೊಡುವುದು ಸಾಮಾನ್ಯ ಗೌರವವಲ್ಲ. ಆದರೆ ಪುಣೆಯಲ್ಲಿ ಆಯ್ಕೆಯಾದ ‘ಗಣೇಶ್’ ಬಂದಿತು. ಈ ಶತಮಾನದ ಆರಂಭದಲ್ಲಿ ರಾಹುರಿಯ ಕೃಷಿ ವಿದ್ಯಾಪೀಠದ ‘ಭಗವಾ’ ಬಂದಿತು. ಕೆಂಪು ಬಣ್ಣ, ದೂರದ ಪೇಟೆಗೆ ಸಾಗಿಸಲು ಅನುಕೂಲವಾದ ಸಿಪ್ಪೆ – ಈ ಗುಣಗಳಿಂದ ಭಗವಾ ಇಂದು ದೇಶದ ದಾಳಿಂಬೆ ತೋಟಗಳನ್ನು ಬಹುಮಟ್ಟಿಗೆ ಆಕ್ರಮಿಸಿದೆ. ರೈತನು ಲಾಭದ ತಳಿಯನ್ನು ಬೆಳೆಯುವುದು ನ್ಯಾಯವೇ. ಆದರೆ ಹಳೆಯ ತಳಿಯನ್ನು ಉಳಿಸುವ ಹೊಣೆ ರೈತನೊಬ್ಬನದೇ ಅಲ್ಲ. ದಾಳಿಂಬೆಯ ಬೀಜ ಬಿತ್ತಿದರೆ ಮಗಳು ತಾಯಿಯಂತಿರುವಳೆಂಬ ಭರವಸೆಯಿಲ್ಲ. ಬೀಜದಲ್ಲಿ ಗುಣಗಳು ಬೆರೆತು ಬೇರೆಯಾಗುವುವು. ಕಡ್ಡಿಯಾದರೋ ತಾಯಿಯ ತದ್ರೂಪ. ಆದುದರಿಂದ ತಳಿಯೊಂದು ಉಳಿಯಬೇಕಾದರೆ ಕಡ್ಡಿಯ ಅಥವಾ ಗೂಟಿಯ ಮೂಲಕವೇ ಉಳಿಯಬೇಕು. ಕೊನೆಯ ಗಿಡವು ಒಣಗಿದ ದಿನ ತಳಿಯೂ ಮುಗಿಯಿತು. ಊರಿನ ಹಳೆಯ ಹಿತ್ತಿಲುಗಳಲ್ಲಿ, ಬಾವಿಕಟ್ಟೆಗಳ ಬಳಿ ಇನ್ನೂ ನಿಂತಿರಬಹುದಾದ ಹಳೆಯ ದಾಳಿಂಬೆಗಳನ್ನು ಹಿರಿಯರನ್ನು ಕೇಳಿ ಹುಡುಕಿ, ತೋಟಗಾರಿಕೆಯ ತಜ್ಞರಿಗೆ ತೋರಿಸಿ, ಶಾಲೆಯ ಪಾತಿಯಲ್ಲಿ ಅವುಗಳ ಕಡ್ಡಿಯನ್ನು ಊರಿದರೆ ಅದು ಮಕ್ಕಳ ಆಟವಲ್ಲ. ಊರಿನ ಹೆಸರನ್ನು ಉಳಿಸುವ ಕಾರ್ಯ.

ತದ್ರೂಪವೆಂಬ ಮಾತಿಗೆ ಇನ್ನೊಂದು ಮುಖವೂ ಉಂಟು. ಕಡ್ಡಿಯು ತಾಯಿಯ ಗುಣವನ್ನು ತರುವಂತೆ ತಾಯಿಯ ರೋಗವನ್ನೂ ತರುವುದು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಭಾರತದಲ್ಲಿ 1952ರಲ್ಲಿ ದೆಹಲಿಯಿಂದ ಮೊದಲು ವರದಿಯಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ತೋಟಗಳನ್ನು ಅದು ಹಾಳುಗೆಡವಿತು. ಎಲೆಯ ಮೇಲೆ ನೀರು ತೊಯ್ದಂಥ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಬಿರುಕು, ಕಡೆಗೆ ಸಾಲದ ಹೊರೆ. ರೋಗ ತಗುಲಿದ ತೋಟದಿಂದ ಅಗ್ಗವಾಗಿ ತಂದ ಕಡ್ಡಿ ಮತ್ತು ಗೂಟಿಗಳು ಆ ರೋಗವು ಊರಿಂದೂರಿಗೆ ಹರಡಲು ಒಂದು ಮುಖ್ಯ ಮಾರ್ಗವಾದುವು. ತಾಯಿಗಿಡವನ್ನು ಪರೀಕ್ಷಿಸಿ ಆರಿಸಬೇಕು, ಒಂದು ಗಿಡಕ್ಕೂ ಮತ್ತೊಂದು ಗಿಡಕ್ಕೂ ನಡುವೆ ಚಾಕುವನ್ನು ಶುದ್ಧಿಮಾಡಬೇಕು ಎಂಬ ಎರಡು ಸಣ್ಣ ನಿಯಮಗಳನ್ನು ಬಾಲ್ಯದಲ್ಲಿಯೇ ಕೈಗೆ ರೂಢಿಮಾಡಿಸಿದ್ದರೆ ಎಷ್ಟೋ ಮನೆಗಳ ದುಃಖವು ತಗ್ಗುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕುಳಿತಿರುವವರಲ್ಲಿ ಅನೇಕರು ರೈತರ ಮಕ್ಕಳು. ನಾಳೆಯ ತೋಟ ಅವರದು.

ಇದಕ್ಕೆ ಆಕ್ಷೇಪಗಳು ಬರದಿರಲಾರವು. ಸಸ್ಯಾಗಾರದಲ್ಲಿ ಅಲ್ಪ ಬೆಲೆಗೆ ಗಿಡ ಸಿಗುವಾಗ ಈ ಶ್ರಮವೇಕೆ ಎನ್ನುವರು. ಅಂಗಡಿಯಲ್ಲಿ ಅಚ್ಚಾದ ಉತ್ತರಗಳು ಸಿಗುತ್ತವೆಂದು ಮಗುವಿಗೆ ಲೆಕ್ಕ ಕಲಿಸುವುದನ್ನು ಯಾರೂ ಬಿಟ್ಟಿಲ್ಲ. ಹತ್ತನೆಯ ತರಗತಿಯ ಫಲಿತಾಂಶದ ಒತ್ತಡದಲ್ಲಿ ಇದಕ್ಕೆ ಸಮಯವೆಲ್ಲಿ ಎನ್ನುವರು. ದಿನಕ್ಕೆ ಹತ್ತು ನಿಮಿಷ ಸಾಕು. ಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ಇರುವ ಕಾಯಜ ಸಂತಾನೋತ್ಪತ್ತಿಯ ಪಾಠವನ್ನು ಕಾಡುಬಸಳೆಯ ಎಲೆಯ ಅಂಚಿನಲ್ಲಿ ಮೂಡಿದ ಮರಿಗಿಡಗಳು ಕಲಿಸಿದಷ್ಟು ಚೆನ್ನಾಗಿ ಯಾವ ಹಲಗೆಯೂ ಕಲಿಸಲಾರದು. ಮೂರನೆಯ ಆಕ್ಷೇಪವು ತೂಕವುಳ್ಳದ್ದು: ಕಡ್ಡಿಯಿಂದಾದ ಗಿಡಕ್ಕೆ ತಾಯಿಬೇರಿಲ್ಲ; ಬರದ ನೆಲದಲ್ಲಿ ಅದು ನಿಲ್ಲುವುದೇ? ಇದನ್ನು ಒಪ್ಪಬೇಕು. ಬೇವು, ಹೊಂಗೆ, ಹುಣಸೆಯಂಥ ಬಯಲಿನ ಮರಗಳನ್ನು ಬೀಜದಿಂದಲೇ ಎಬ್ಬಿಸುವುದು ಯುಕ್ತ. ಅವುಗಳ ಆಳಕ್ಕಿಳಿಯುವ ಬೇರೇ ಅವುಗಳ ಪ್ರಾಣ. ಕಡ್ಡಿಪಾತಿಯು ಬೀಜದ ಮಡಿಗೆ ಪ್ರತಿಸ್ಪರ್ಧಿಯಲ್ಲ, ಒಡನಾಡಿ. ಹೂವು, ಪತ್ರೆ, ಮನೆಯ ಅಲಂಕಾರ, ತಳಿಯ ಹಣ್ಣು ಇವು ಕಡ್ಡಿಯ ಕ್ಷೇತ್ರ; ನೆರಳು, ಸೌದೆ, ಸಾಲುಮರ ಇವು ಬಹುಮಟ್ಟಿಗೆ ಬೀಜದ ಕ್ಷೇತ್ರ. ಯಾವುದು ಎಲ್ಲಿ ಎಂಬ ವಿವೇಕವನ್ನು ಕಲಿಸುವುದೂ ಈ ಪಾಠದ ಭಾಗವೇ.

ಕಾರ್ಯಕ್ರಮ ಕಷ್ಟದ್ದಲ್ಲ. ಶಾಲೆಯ ನೆರಳಿನಲ್ಲಿ ಆರಡಿ ಉದ್ದ, ಮೂರಡಿ ಅಗಲದ ಒಂದು ಪಾತಿ; ಎರಡು ಬುಟ್ಟಿ ಮರಳು; ಒಂದು ಚಾಕು, ಅದು ಉಪಾಧ್ಯಾಯರ ವಶದಲ್ಲಿ; ಒಂದು ನೋಟುಪುಸ್ತಕ. ಪ್ರತಿ ಮಗುವೂ ತನ್ನ ಮನೆಯಿಂದ ಅಥವಾ ನೆರೆಯವರನ್ನು ಕೇಳಿ ಒಂದು ಕಡ್ಡಿಯನ್ನು ತರಲಿ. ಕೇಳದೆ ಮುರಿದು ತಂದುದು ಬೇಡ. ಯಾರ ಹಿತ್ತಿಲಿನದು, ಯಾವ ದಿನ ಊರಿದ್ದು, ಚಿಗುರಿದ್ದೆಂದು, ಬೇರು ಕಂಡದ್ದೆಂದು, ಒಣಗಿದ್ದಾದರೆ ಏಕೆಂದು ಬರೆಯಲಿ. ಒಣಗಿದವುಗಳ ಲೆಕ್ಕವನ್ನೂ ಮುಚ್ಚಿಡದೆ ಬರೆಯುವುದು ಮುಖ್ಯ; ಸತ್ಯದ ಅಭ್ಯಾಸ ಅಲ್ಲಿಂದಲೇ. ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಬಾಡುವ ಹಾರದ ಬದಲು ಮಕ್ಕಳು ಬೆಳೆಸಿದ ಒಂದೊಂದು ಗಿಡವನ್ನು ಕೊಡಲಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ಲು–ಕುದೂರು ಹಾದಿಯ ಇಕ್ಕೆಲಗಳಲ್ಲಿ ಪತಿಯೊಡನೆ ಆಲದ ಸಾಲನ್ನು ನಿಲ್ಲಿಸಿ, ಬಿಂದಿಗೆಯಲ್ಲಿ ನೀರು ಹೊತ್ತು ಕಾಪಾಡಿದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಶಾಲೆಯ ಮೆಟ್ಟಿಲು ಹತ್ತಿದವರು ಒಂದು ದಾಸವಾಳದ ಕಡ್ಡಿಯನ್ನಾದರೂ ಬದುಕಿಸಲು ಬಲ್ಲವರಾಗಬೇಡವೇ?

ಕಾಯಕವನ್ನು ಗೌರವಿಸುವ ಮಠದ ಶಾಲೆಗಳು ಈ ಕಾರ್ಯದಲ್ಲಿ ಮೇಲ್ಪಂಕ್ತಿ ಹಾಕುವುದು ಉಚಿತವಾಗಿದೆ. ಮಠದ ಹೂದೋಟಕ್ಕೂ ಶಾಲೆಯ ಅಂಗಳಕ್ಕೂ ನಡುವೆ ಇರುವುದು ಅನೇಕ ಕಡೆ ಒಂದು ಗೋಡೆ ಮಾತ್ರ. ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದರೆ ಸಾಕು. ವಿದ್ಯಾರ್ಥಿಯೂ ಒಂದು ಅರ್ಥದಲ್ಲಿ ತಾಯಿಗಿಡದಿಂದ ಬೇರ್ಪಟ್ಟ ಕಡ್ಡಿಯೇ. ಬರಗಾಲದ ಹಳ್ಳಿಯಿಂದ ತಂದೆತಾಯಿಗಳನ್ನು ಬಿಟ್ಟು ವಿದ್ಯಾರ್ಥಿನಿಲಯಕ್ಕೆ ಬಂದ ಬಾಲಕನಿಗೆ ಮೊದಲ ಕೆಲವು ವಾರ ನೆರಳು ಬೇಕು, ತೇವ ಬೇಕು, ಯಾರೂ ಕಿತ್ತು ನೋಡದಿರುವ ಸಹನೆ ಬೇಕು. ಕಡ್ಡಿಯನ್ನು ಕಾದು ಬಲ್ಲ ಉಪಾಧ್ಯಾಯರು ಅಂಥ ಬಾಲಕನನ್ನೂ ಕಾಯಬಲ್ಲರು. ಬರುವ ಆರಿದ್ರಾ ಮಳೆಗೆ ಮೊದಲು ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಒಂದೊಂದು ಪಾತಿ ಸಿದ್ಧವಾಗಲಿ. ಮಧುಗಿರಿಯ ಯಾವುದೋ ಹಳೆಯ ಹಿತ್ತಿಲಿನ ದಾಳಿಂಬೆಯ ಕಡ್ಡಿಯೊಂದು ಅದರಲ್ಲಿ ಮೊದಲನೆಯದಾಗಿ ಊರಲ್ಪಡಲಿ.